ಟಾಪ್ ಎಂಡೇ ಬೇಕಾ? ಸ್ಪೋರ್ಟ್ಸ್ ಕಾರಿನ ವೇರಿಯೆಂಟ್ ಆರಿಸುವುದು ಹೇಗೆ

ಷೋರೂಮಿನಲ್ಲಿ 'ಆನ್ ರೋಡ್ ಎಷ್ಟಾಗುತ್ತೆ' ಎಂದು ಕೇಳಿ ನೋಡಿ. ಮೊದಲು ಕೈಗೆ ಬರುವುದು ಟಾಪ್ ಎಂಡ್ ವೇರಿಯೆಂಟಿನ, ಅಂದರೆ ಅದೇ ಕಾರಿನ ಎಲ್ಲ ಸೌಕರ್ಯ ತುಂಬಿದ ದುಬಾರಿ ಮಾದರಿಯ ಕೊಟೇಷನ್. ಟೆಸ್ಟ್ ಡ್ರೈವಿಗೆ ಇಟ್ಟಿರುವ ಗಾಡಿಯೂ ಸಾಮಾನ್ಯವಾಗಿ ಟಾಪ್ ಎಂಡೇ. ಒಂದು ಸುತ್ತು ಹೊಡೆದು ಬರುವಷ್ಟರಲ್ಲಿ ಸನ್‌ರೂಫ್, ಕೆಂಪು ದಾರದ ಹೊಲಿಗೆಯ ಸೀಟು, ದೊಡ್ಡ ಸ್ಕ್ರೀನ್ ಇಲ್ಲದಿದ್ದರೆ ಅದು ಕಾರೇ ಅಲ್ಲ ಅನ್ನಿಸಿಬಿಟ್ಟಿರುತ್ತದೆ. ಮಾಮೂಲಿ ಕಾರಾದರೆ ಹೋಗಲಿ ಬಿಡಿ, ಸ್ವಲ್ಪ ದುಡ್ಡು ಜಾಸ್ತಿ ಹೋಯಿತು ಅಷ್ಟೇ. ಓಡಿಸುವ ಖುಷಿಗೆಂದೇ ತಗೊಳ್ಳುವ ಕಾರಿನಲ್ಲಿ ಹಾಗಲ್ಲ. ದುಡ್ಡು ಅಲಂಕಾರಕ್ಕೆ ಹೋದರೆ ಎಂಜಿನ್ನಿಗೆ ಉಳಿಯುವುದಿಲ್ಲ.

ನಾನು ಹೇಳುವುದು ಇಷ್ಟು: ಆಮೇಲೆ ಹಾಕಿಸಲು ಆಗದ್ದಕ್ಕೆ ಮೊದಲು ದುಡ್ಡು ಕೊಡಿ. ಎಂಜಿನ್, ಗೇರ್‌ಬಾಕ್ಸ್, ಬ್ರೇಕ್, ಸಸ್ಪೆನ್ಷನ್, ಏರ್‌ಬ್ಯಾಗ್. ಇವು ಮುಗಿದ ಮೇಲೆ ಮಿಕ್ಕಿದ್ದು ನೋಡಿ.

ಮೊದಲು, ಓಡಿಸುವ ರಸ್ತೆ ಯಾವುದು ನೋಡಿಕೊಳ್ಳಿ

ದಾವಣಗೆರೆಯವರಿಗೆ ಮೂರು ಥರದ ರಸ್ತೆ ಇದೆ. ಒಂದು, ಚಿತ್ರದುರ್ಗದ ಕಡೆಗೋ ಹಾವೇರಿ ಕಡೆಗೋ ಹೋಗುವ ರಾಷ್ಟ್ರೀಯ ಹೆದ್ದಾರಿ 48. ಡಿವೈಡರ್ ಇರುವ ಇಂಥ ಹೆದ್ದಾರಿಯಲ್ಲಿ ಕಾರಿಗೆ ಕೇಂದ್ರ ಸರ್ಕಾರ 2018ರಲ್ಲಿ ನಿಗದಿ ಮಾಡಿದ ಗರಿಷ್ಠ ವೇಗ ಗಂಟೆಗೆ 100 ಕಿ.ಮೀ. ಎರಡು, ಚನ್ನಗಿರಿ, ಹೊನ್ನಾಳಿ ಕಡೆಯ ರಸ್ತೆಗಳು. ಮುಂದೆ ಮೆಕ್ಕೆಜೋಳ ತುಂಬಿದ ಲಾರಿ, ಎದುರಿಗೆ ಬಸ್ಸು. ಎರೆ ಮಣ್ಣಿನ ಮೇಲೆ ಹಾಕಿದ ರಸ್ತೆಯಾದರೆ ಕೇಳುವುದೇ ಬೇಡ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಮೇಲಿನ ಡಾಂಬರು ಅಲೆಅಲೆಯಾಗುತ್ತದೆ. ಮೂರನೆಯದು ಊರೊಳಗಿನ ರಸ್ತೆ, ಹಂಪ್‌ಗಳು, ಮಂಡಿಪೇಟೆಯ ಸಂಜೆ.

ಈ ಮೂರರಲ್ಲಿ ನಿಮ್ಮ ಕಾರು ಯಾವುದರ ಮೇಲೆ ಜಾಸ್ತಿ ಓಡುತ್ತದೆ? ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಳ್ಳಿ. 'ವರ್ಷಕ್ಕೊಮ್ಮೆ ಗೋವಾಕ್ಕೆ ಹೋಗ್ತೀವಲ್ಲ' ಎನ್ನುವುದು ಉತ್ತರವಲ್ಲ.

ಗಂಟೆಗೆ 100 ದಾಟುವಂತಿಲ್ಲ ಎಂದ ಮೇಲೆ ಟಾಪ್ ಸ್ಪೀಡಿನ ಅಂಕಿ ಮರೆತುಬಿಡಿ. ಬೇಕಾಗುವುದು 50–60ರಲ್ಲಿ ಲಾರಿ ಹಿಂದೆ ಇದ್ದವರು ಬೇಗ ದಾಟಿ ಮತ್ತೆ ನಮ್ಮ ಸಾಲಿಗೆ ಸೇರುವ ಎಳೆತ. ಬ್ರೋಷರಿನಲ್ಲಿ ಅದನ್ನು ಟಾರ್ಕ್ ಎಂದು ಬರೆದಿರುತ್ತಾರೆ. ಅಲ್ಲಿಗೆ ಮೊದಲು ಕಣ್ಣು ಹೋಗಲಿ.

ಬ್ಯಾಡ್ಜ್ ಬೇರೆ, ಎಂಜಿನ್ ಬೇರೆ

ಜನ ಜಾಸ್ತಿ ಮೋಸಹೋಗುವುದು ಇಲ್ಲೇ. ಡೀಲರ್ ಸುಳ್ಳು ಹೇಳುತ್ತಾರೆ ಅಂತಲ್ಲ, ಹೆಸರುಗಳೇ ಹಾಗಿವೆ.

ಫೋಕ್ಸ್‌ವ್ಯಾಗನ್ ವರ್ಟಸ್ ನೋಡಿ. 2024ರಲ್ಲಿ ಬಂದ 'ಜಿಟಿ ಲೈನ್' ವೇರಿಯೆಂಟಿಗೆ ಕಪ್ಪು ಅಲಾಯ್, ಕಪ್ಪು ಗ್ರಿಲ್, ಮೈತುಂಬ ಸ್ಪೋರ್ಟಿ ಲುಕ್. ಬಾನೆಟ್ ಎತ್ತಿದರೆ ಒಳಗಿರುವುದು 1 ಲೀಟರ್ ಟರ್ಬೊ: 115 ಪಿಎಸ್ ಪವರ್, 178 ಎನ್‌ಎಂ ಟಾರ್ಕ್. 'ಜಿಟಿ ಪ್ಲಸ್' ಎಂದಿದ್ದರೆ 1.5 ಲೀಟರ್ ಎಂಜಿನ್: 150 ಪಿಎಸ್, 250 ಎನ್‌ಎಂ. ಎರಡರ ಮೇಲೂ 'ಜಿಟಿ' ಇದೆ. ಲಾರಿ ದಾಟುವಾಗ ಯಾವುದು ಯಾವುದೆಂದು ಬಲಗಾಲಿಗೆ ಗೊತ್ತಾಗುತ್ತದೆ. ಸ್ಕೋಡಾದ 'ಮಾಂಟೆ ಕಾರ್ಲೊ' ಕೂಡ ಒಂದು ಅಲಂಕಾರದ ಹೆಸರು, ಚಿಕ್ಕ ಎಂಜಿನ್ನಿಗೂ ಸಿಗುತ್ತದೆ, ದೊಡ್ಡದಕ್ಕೂ ಸಿಗುತ್ತದೆ. ಹ್ಯುಂಡೈ ಐ20ಯಲ್ಲಿ ಇದು ಉಲ್ಟಾ. 2023ರಲ್ಲಿ ಕಾರಿನ ರೂಪ ತಿದ್ದಿದ ಫೇಸ್‌ಲಿಫ್ಟ್ ಆದಮೇಲೆ ಟರ್ಬೊ ಎಂಜಿನ್ ಬೇಕೆಂದರೆ 'ಎನ್ ಲೈನ್' ತಗೊಳ್ಳಲೇಬೇಕು. ಬಿಗಿ ಸಸ್ಪೆನ್ಷನ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಅದರ ಜೊತೆಗೇ ಬರುತ್ತವೆ. ಅಲ್ಲಿ ಬ್ಯಾಡ್ಜಿಗೆ ಕೊಟ್ಟ ದುಡ್ಡಿಗೆ ಅರ್ಥವಿದೆ.

ಹಾಗಾಗಿ ವೇರಿಯೆಂಟ್ ಪಟ್ಟಿ ಕೈಗೆ ಬಂದ ಕೂಡಲೇ ಫೀಚರ್‌ಗಳ ಪುಟ ಮಡಚಿಡಿ. ಎಂಜಿನ್, ಪವರ್, ಟಾರ್ಕ್, ಬ್ರೇಕ್, ಟೈರ್ ಸೈಜ್ ಇರುವ ಹಿಂದಿನ ಪುಟ ತೆಗೆಯಿರಿ. ಆ ಪುಟದಲ್ಲಿ ಎರಡು ವೇರಿಯೆಂಟಿಗೂ ಒಂದೇ ಅಂಕಿ ಇದ್ದರೆ ಓಡಿಸಲು ಎರಡೂ ಒಂದೇ ಕಾರು. ಆಗ ಕೆಳಗಿನದನ್ನು ತಗೊಂಡರೆ ಕಳೆದುಕೊಳ್ಳುವುದು ಏನೂ ಇಲ್ಲ. ದೊಡ್ಡ ಎಂಜಿನ್ನಿನ ಮಧ್ಯದ ವೇರಿಯೆಂಟ್, ಚಿಕ್ಕ ಎಂಜಿನ್ನಿನ ಟಾಪ್ ಎಂಡ್ ಎರಡೂ ಹತ್ತಿರದ ಬೆಲೆಗೆ ಸಿಗುವಂತಿದ್ದರೆ ನಾನಂತೂ ಯೋಚನೆಯೇ ಮಾಡುವುದಿಲ್ಲ, ಮೊದಲನೆಯದೇ.

ಗೇರ್‌ಬಾಕ್ಸ್: ಎರಡನ್ನೂ ಓಡಿಸಿ

ಈ ಬೆಲೆಯ ಸ್ಪೋರ್ಟಿ ಕಾರುಗಳಲ್ಲಿ ಸಾಮಾನ್ಯವಾಗಿ ಆರು ಗೇರಿನ ಮ್ಯಾನ್ಯುಯಲ್ ಇರುತ್ತದೆ, ಇಲ್ಲವೇ ತಾನೇ ಗೇರ್ ಬದಲಿಸುವ ಏಳು ಗೇರಿನ ಡ್ಯುಯಲ್ ಕ್ಲಚ್. ಡ್ಯುಯಲ್ ಕ್ಲಚ್ ಹೆದ್ದಾರಿಯಲ್ಲಿ ಬಲು ಚುರುಕು. ಆದರೆ ಒಣ ಕ್ಲಚ್ (ಎಣ್ಣೆಯಲ್ಲಿ ಮುಳುಗಿರದ ಕ್ಲಚ್) ಇರುವ ಮಾದರಿಗಳು ಜಾಮಿನಲ್ಲಿ ಇಂಚಿಂಚು ತೆವಳಿದರೆ ಬಿಸಿಯಾಗುತ್ತವೆ. ಏಪ್ರಿಲ್ ಬಿಸಿಲಲ್ಲಿ ಮಾರ್ಕೆಟ್ ಕಡೆ ದಿನಾ ಎರಡು ಸಲ ಓಡಾಡುವವರು ಇದನ್ನು ಲೆಕ್ಕಕ್ಕೆ ತಗೊಳ್ಳಲೇಬೇಕು. ತಗೊಂಡರೆ ಎಕ್ಸ್‌ಟೆಂಡೆಡ್ ವಾರಂಟಿಯನ್ನೂ ತಗೊಳ್ಳಿ. ಡೀಲರ್ ಹೇಳುವ ಹೆಚ್ಚುವರಿ ಖರ್ಚುಗಳಲ್ಲಿ ನಾನು ಒಪ್ಪುವುದು ಅದೊಂದನ್ನೇ.

ಮನೆಯಲ್ಲಿ ಇನ್ಯಾರು ಓಡಿಸುತ್ತಾರೆ ಎನ್ನುವುದೂ ಮುಖ್ಯ. ಅವರನ್ನೂ ಟೆಸ್ಟ್ ಡ್ರೈವಿಗೆ ಕರೆದುಕೊಂಡು ಹೋಗಿ, ಪಕ್ಕದ ಸೀಟಿಗಲ್ಲ, ಸ್ಟೇರಿಂಗ್ ಹಿಂದೆ.

ಚಕ್ರ ದೊಡ್ಡದಾದಷ್ಟೂ ಚೆಂದ, ಆದರೆ

ಪಿ.ಬಿ. ರಸ್ತೆಯ ಯಾವುದಾದರೂ ದೊಡ್ಡ ಟೈರ್ ಅಂಗಡಿಯ ಮೂಲೆ ಗಮನಿಸಿ. ಸೊಟ್ಟಗಾದ ಅಲಾಯ್‌ಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಕೆಲವದರ ಒಳ ಅಂಚಿನಲ್ಲಿ ಕೂದಲೆಳೆ ಬಿರುಕು. 'ಬಡಿದು ಸೆಟ್ ಮಾಡಬಹುದಣ್ಣ, ಆದ್ರೆ ಹೈವೇಗೆ ಹಾಕ್ಕಂಡು ಹೋಗಬ್ಯಾಡಿ' ಎಂದು ಅಂಗಡಿಯವರೇ ಹೇಳುತ್ತಾರೆ.

ಕಾರಣ ಟೈರಿನ ಮೇಲೇ ಬರೆದಿದೆ. 205/55 ಆರ್16 ಎಂದರೆ ಟೈರಿನ ಅಗಲ 205 ಮಿ.ಮೀ., ಅದರ ಶೇ 55ರಷ್ಟು ಪಕ್ಕದ ಗೋಡೆಯ ಎತ್ತರ, ಕೊನೆಯ 16 ರಿಮ್ಮಿನ ಅಳತೆ ಇಂಚಿನಲ್ಲಿ. ಅಂದರೆ ಸುಮಾರು 113 ಮಿ.ಮೀ. ರಬ್ಬರು ಗುಂಡಿಗೂ ರಿಮ್ಮಿಗೂ ಮಧ್ಯೆ ನಿಂತಿದೆ. 225/40 ಆರ್18 ಆದರೆ ಅದು 90 ಮಿ.ಮೀ.ಗೆ ಇಳಿಯುತ್ತದೆ. ರಿಮ್ ದೊಡ್ಡದಾದಂತೆ ರಬ್ಬರು ತೆಳ್ಳಗಾಗುತ್ತದೆ, ಪೆಟ್ಟು ನೇರ ಲೋಹಕ್ಕೆ. ತಿರುವಿನಲ್ಲಿ ತೆಳು ಟೈರು ಬಿಗಿಯಾಗಿ ಹಿಡಿಯುವುದು ನಿಜ. ಆದರೆ ನಮ್ಮ ಸೀಮೆ ಬಯಲು, ಅಂಥ ತಿರುವು ಹುಡುಕಿಕೊಂಡು ಹೋಗಬೇಕು. ಗುಂಡಿ ಮಾತ್ರ ಹುಡುಕದೆಯೇ ಸಿಗುತ್ತದೆ. ಎರಡು ಸೈಜಿನ ಆಯ್ಕೆ ಇದ್ದರೆ ಚಿಕ್ಕದನ್ನೇ ಆರಿಸಿ. ಹೊಸ ಟೈರ್ ಹಾಕಿಸುವಾಗಲೂ ಖರ್ಚು ಕಡಿಮೆ.

ಟೆಸ್ಟ್ ಡ್ರೈವಿನಲ್ಲಿ ಮಾಡಲೇಬೇಕಾದ್ದು ಒಂದಿದೆ: ನಾಲ್ಕು ಜನ ಕೂತು ನಿಮ್ಮ ಬೀದಿಯ ಹಂಪ್ ದಾಟಿಸಿ. ಒಬ್ಬರೇ ಕೂತಾಗ ಸಲೀಸಾಗಿ ಹೋದ ಕಾರು ತುಂಬಿದಾಗ ತಳ ಉಜ್ಜಬಹುದು. ಷೋರೂಮಿನವರು ಬೈಪಾಸಿನ ನುಣ್ಣನೆ ರಸ್ತೆಗೆ ಕರೆದೊಯ್ಯಲು ನೋಡುತ್ತಾರೆ. ಹೋಗಿ, ಬೇಡ ಅನ್ನಬೇಡಿ. ಬರುವಾಗ ಮನೆ ಮುಂದೆ ಹಾಯ್ದು ಬನ್ನಿ.

ಹತ್ತು ಲಕ್ಷದ ಗೆರೆ

ಬ್ರೋಷರಿನಲ್ಲಿ ಎಲ್ಲೂ ಬರೆದಿರದ ಲೆಕ್ಕ ಇದು. ಕರ್ನಾಟಕದಲ್ಲಿ ಪೆಟ್ರೋಲ್ ಕಾರಿನ ಜೀವಿತಾವಧಿ ತೆರಿಗೆ ಬೆಲೆಗೆ ತಕ್ಕಂತೆ ಏರುತ್ತದೆ. 5ರಿಂದ 10 ಲಕ್ಷದವರೆಗೆ ಶೇ 14. 10 ದಾಟಿ 20 ಲಕ್ಷದವರೆಗೆ ಶೇ 17. 20 ಲಕ್ಷ ದಾಟಿದರೆ ಶೇ 18. ಹೀಗೆ ಬಂದ ತೆರಿಗೆಯ ಮೇಲೆ ಮತ್ತೆ ಶೇ 11ರಷ್ಟು ಸೆಸ್. ಗೆರೆ ದಾಟಿದ ಮೊತ್ತಕ್ಕಷ್ಟೇ ಅಲ್ಲ, ಪೂರ್ತಿ ಬೆಲೆಗೂ ಹೊಸ ದರ ಬೀಳುತ್ತದೆ.

ಉದಾಹರಣೆಗೆ, ಮಧ್ಯದ ವೇರಿಯೆಂಟ್ ಎಕ್ಸ್ ಷೋರೂಮ್ (ರಿಜಿಸ್ಟ್ರೇಷನ್, ಇನ್ಶೂರೆನ್ಸ್ ಸೇರದ ಬೆಲೆ) 9.90 ಲಕ್ಷ, ಟಾಪ್ ಎಂಡ್ 10.40 ಲಕ್ಷ ಎಂದಿಟ್ಟುಕೊಳ್ಳಿ. ನೋಡಲು 50 ಸಾವಿರದ ವ್ಯತ್ಯಾಸ. ಮೊದಲನೆಯದಕ್ಕೆ ತೆರಿಗೆ, ಸೆಸ್ ಸೇರಿ 1,53,846 ರೂಪಾಯಿ. ಎರಡನೆಯದಕ್ಕೆ 1,96,248. ಅಂದರೆ 50 ಸಾವಿರದ ಸನ್‌ರೂಫಿಗೆ ಆರ್‌ಟಿಒದಲ್ಲಿ ಇನ್ನೂ 42,402 ರೂಪಾಯಿ. ಜೊತೆಗೆ 10 ಲಕ್ಷ ದಾಟಿದ ಕಾರಿಗೆ ಶೇ 1 ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ), ಇಲ್ಲಿ 10,400. ಅದು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ನಿಮ್ಮ ಲೆಕ್ಕಕ್ಕೆ ಜಮೆಯಾಗುತ್ತದೆ, ಆದರೆ ಈಗ ಕೈಯಿಂದ ಕೊಡಬೇಕಲ್ಲ. ಕಾರಿನ ಬೆಲೆ ಏರಿದಂತೆ ಇನ್ಶೂರೆನ್ಸ್ ಕಂತೂ ಏರುತ್ತದೆ.

ಆದ್ದರಿಂದ ಎರಡು ವೇರಿಯೆಂಟಿನ ಆನ್ ರೋಡ್ ಕೊಟೇಷನ್ ಅಕ್ಕಪಕ್ಕ ಇಟ್ಟು ನೋಡಿ. ಎಕ್ಸ್ ಷೋರೂಮ್ ಬೆಲೆ ಹೋಲಿಸುವುದು ಸುಮ್ನೆ. 20 ಲಕ್ಷದ ಗೆರೆ ಇಷ್ಟು ನೋಯಿಸುವುದಿಲ್ಲ, ಅಲ್ಲಿ ಏರುವುದು ಶೇ 1 ಮಾತ್ರ.

ಪುದುಚೇರಿ ನಂಬರ್ ಹಾಕಿಸಿದರೆ ಉಳಿಯುತ್ತೆ ಎನ್ನುವವರು ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ಇಲ್ಲೇ ಕಾಯಂ ಓಡುವ ಗಾಡಿಗೆ ತೆರಿಗೆ ಇಲ್ಲೇ ಕಟ್ಟಬೇಕು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯವರು ತೆರಿಗೆ ಕಟ್ಟದ ಹಲವು ದುಬಾರಿ ಕಾರು ಹಿಡಿದಿದ್ದರು. ದಾವಣಗೆರೆಯ ಕೆಎ 17 ಹಾಕಿಸಿಕೊಂಡು ನೆಮ್ಮದಿಯಾಗಿರಿ.

ಒಳಗಿನ ಸೌಕರ್ಯಗಳು

ಇಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕಿಲ್ಲ. ತಣ್ಣಗಿನ ಗಾಳಿ ಬಿಡುವ ವೆಂಟಿಲೇಟೆಡ್ ಸೀಟು ನಮ್ಮ ಬೇಸಿಗೆಗೆ ನಿಜಕ್ಕೂ ಉಪಯೋಗ. ಸನ್‌ರೂಫ್ ಅದೇ ಬೇಸಿಗೆಯಲ್ಲಿ ಪರದೆ ಎಳೆದುಕೊಂಡೇ ಇರುತ್ತದೆ, ಮೇಲಾಗಿ ಕಾರಿನ ನೆತ್ತಿಗೆ ತೂಕ. ಆರು ಏರ್‌ಬ್ಯಾಗ್, ಗಾಡಿ ಜಾರಿ ಹಿಡಿತ ತಪ್ಪದಂತೆ ತಡೆಯುವ ಇಎಸ್‌ಸಿ ಯಾವ ವೇರಿಯೆಂಟಿನಿಂದ ಸಿಗುತ್ತದೋ ಅದಕ್ಕಿಂತ ಕೆಳಗೆ ಇಳಿಯಬೇಡಿ. ಅಡಾಸ್ (ಕ್ಯಾಮೆರಾ, ಸೆನ್ಸರ್ ನೋಡಿ ಚಾಲಕರಿಗೆ ನೆರವಾಗುವ ವ್ಯವಸ್ಥೆ) ಬಗ್ಗೆ ನನ್ನ ಅಭಿಪ್ರಾಯ: ಇದ್ದರೆ ಒಳ್ಳೆಯದು, ಅದಕ್ಕೆಂದೇ ಮೇಲಿನ ವೇರಿಯೆಂಟಿಗೆ ಹೋಗಬೇಕಿಲ್ಲ. ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಹಾಕಿದ ಕಡೆ ಲೇನ್ ಗೆರೆ ಹುಡುಕುವ ಕ್ಯಾಮೆರಾಕ್ಕೆ ಗೆರೆಯೇ ಕಾಣುವುದಿಲ್ಲ.

ಅರ್ಧ ಕೋಟಿ ದಾಟಿದವರಿಗೆ

ಊರಿನಲ್ಲಿ ಅಂಥವರೂ ಇದ್ದಾರೆ. 2025ರಲ್ಲಿ ಬಂದ ಗಾಲ್ಫ್ ಜಿಟಿಐ ಥರದ ಆಮದು ಕಾರಿನಲ್ಲಿ ತಲೆಬಿಸಿಯೇ ಇಲ್ಲ. ಎಲ್ಲ ತುಂಬಿದ ಒಂದೇ ವೇರಿಯೆಂಟ್, ಆರಿಸಲು ಬಣ್ಣ ಬಿಟ್ಟರೆ ಹೆಚ್ಚೇನಿಲ್ಲ. ಪೋರ್ಷೆ 911 ಆದರೆ ಪೂರ್ತಿ ಬೇರೆ. ಅಲ್ಲಿ ಆಪ್ಷನ್ ಪಟ್ಟಿ ಪುಟಗಟ್ಟಲೆ. ಆ ಪಟ್ಟಿಯಲ್ಲಿ ನಮ್ಮ ಕಡೆಯವರು ಮೊದಲು ಟಿಕ್ ಹಾಕಬೇಕಾದ್ದು ಫ್ರಂಟ್ ಆಕ್ಸಲ್ ಲಿಫ್ಟ್. ಬಟನ್ ಒತ್ತಿದರೆ ಮುಂಭಾಗ ಸುಮಾರು 40 ಮಿ.ಮೀ. ಮೇಲೇಳುತ್ತದೆ, ಹಂಪಿಗೆ ಬಂಪರ್ ತಾಗುವುದಿಲ್ಲ. ಸೆರಾಮಿಕ್ ಬ್ರೇಕ್ ಬೇಡ. ಅದು ರೇಸ್ ಟ್ರ್ಯಾಕಿನಲ್ಲಿ ಸುತ್ತಿನ ಮೇಲೆ ಸುತ್ತು ಹೊಡೆಯುವವರಿಗೆ, ಹೆಬ್ಬಾಳು ಟೋಲಿನಲ್ಲಿ ನಿಲ್ಲಿಸಲು ಮಾಮೂಲಿ ಡಿಸ್ಕ್ ಧಾರಾಳ ಸಾಕು. ಆಪ್ಷನ್ ಸೇರಿಸಿದಷ್ಟೂ ಕಾರಿನ ಬಿಲ್ ಏರುತ್ತದೆ, ತೆರಿಗೆಯೂ ಅದರ ಮೇಲೆಯೇ. ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರಿನಲ್ಲಿ ಎಷ್ಟು ಆಕ್ಟೇನ್ ಬೇಕೆಂದು ಬರೆದಿರುತ್ತದೆ. ಅದು ನಿಮ್ಮ ಬಂಕಿನಲ್ಲಿ ಸದಾ ಸಿಗುತ್ತದೆಯೇ ಎಂದು ಬುಕಿಂಗ್‌ಗೆ ಮೊದಲೇ ವಿಚಾರಿಸಿ.

'ಬೇಸ್ ತಗೊಂಡು ಹೊರಗಡೆ ಹಾಕಿಸ್ತೀನಿ'

ಮ್ಯಾಟ್, ಸ್ಪೀಕರ್, ಡ್ಯಾಶ್‌ಕ್ಯಾಮ್ ಆದರೆ ಧಾರಾಳವಾಗಿ ಹೊರಗಡೆ ಹಾಕಿಸಿ. ಆದರೆ ವೈರ್ ಕತ್ತರಿಸಿ ಜೋಡಿಸುವ ಕೆಲಸವಾದರೆ ವಾರಂಟಿಗೆ ತೊಂದರೆ ಇಲ್ಲವೆಂದು ಸರ್ವಿಸ್ ಸೆಂಟರಿನವರಿಂದ ಬರೆಸಿಕೊಳ್ಳಿ. ಹೊರಗಡೆ ಹಾಕಿಸಿದ ದುಬಾರಿ ವಸ್ತುಗಳನ್ನು ಇನ್ಶೂರೆನ್ಸ್ ಪಾಲಿಸಿಯಲ್ಲೂ ಸೇರಿಸಿ, ಇಲ್ಲದಿದ್ದರೆ ಕ್ಲೇಮ್ ಸಿಗುವುದಿಲ್ಲ. ಸೀಟ್ ಕವರ್ ಹಾಕಿಸುವಾಗ ಎಚ್ಚರ, ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇರುತ್ತದೆ. ಅದರ ಮೇಲೆ ಬಿಗಿಯಾಗಿ ಹೊಲಿದ ಕವರ್ ಬಿದ್ದರೆ ಬೇಕಾದ ಹೊತ್ತಿಗೆ ಬಿಚ್ಚಿಕೊಳ್ಳುವುದಕ್ಕೆ ಅಡ್ಡಿಯಾಗಬಹುದು.

ಎಂಜಿನ್ ರೀಮ್ಯಾಪ್ (ಸಾಫ್ಟ್‌ವೇರ್ ತಿದ್ದಿ ಪವರ್ ಏರಿಸುವುದು), ಅಬ್ಬರದ ಸೈಲೆನ್ಸರ್ ಆಮೇಲೆ ಹಾಕಿಸುತ್ತೇನೆ ಎಂಬ ಲೆಕ್ಕ ಬೇಡವೇ ಬೇಡ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ತಡೆಯುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಸದ್ದು ಬೇಕೆಂದರೆ ಕಂಪನಿಯಿಂದಲೇ ಸದ್ದು ಮಾಡುತ್ತ ಬರುವ ವೇರಿಯೆಂಟ್ ತಗೊಳ್ಳಿ.

ಬುಕಿಂಗ್ ದಿನ

'ಸರ್, ಆಯುಧ ಪೂಜೆಗೆ ಗಾಡಿ ಬೇಕಂದ್ರೆ ಇವತ್ತೇ ಬುಕ್ ಮಾಡಿ, ಸ್ಟಾಕ್‌ನಲ್ಲಿ ಇರೋದು ಟಾಪ್ ಎಂಡ್ ಒಂದೇ' ಎನ್ನುವ ಮಾತು ಬಂದೇ ಬರುತ್ತದೆ. ಹಬ್ಬ ಮುಂದಿನ ವರ್ಷವೂ ಬರುತ್ತೆ, ಅಲ್ವಾ? ಬೇಕಾದ ವೇರಿಯೆಂಟಿಗೆ ಕಾಯುವುದೇ ವಾಸಿ. ಕೊಟೇಷನ್‌ನಲ್ಲಿ 'ಹ್ಯಾಂಡ್ಲಿಂಗ್ ಚಾರ್ಜ್', 'ಎಸೆನ್ಷಿಯಲ್ ಕಿಟ್', 'ಟೆಫ್ಲಾನ್ ಕೋಟಿಂಗ್' ಎಂಬ ಸಾಲುಗಳಿದ್ದರೆ ಪೆನ್ನಿನಿಂದ ಹೊಡೆದುಹಾಕಿ, ಹೊಸ ಪ್ರಿಂಟ್ ಕೇಳಿ. ಇನ್ಶೂರೆನ್ಸ್ ಅವರಲ್ಲೇ ಮಾಡಿಸಬೇಕೆಂಬ ನಿಯಮವಿಲ್ಲ, ಹೊರಗಿನ ದರವನ್ನೂ ಕೇಳಿ ಹೋಲಿಸಿ.

ಬುಕಿಂಗ್ ಫಾರಂನಲ್ಲಿ ಕಾರಿನ ಹೆಸರು ಬರೆದು ಸುಮ್ಮನಾಗುತ್ತಾರೆ. ವೇರಿಯೆಂಟಿನ ಪೂರ್ತಿ ಹೆಸರು, ಎಂಜಿನ್ ಲೀಟರ್, ಗೇರ್‌ಬಾಕ್ಸ್, ಬಣ್ಣ, ಒಪ್ಪಿಕೊಂಡ ಡಿಸ್ಕೌಂಟ್ ಎಲ್ಲವನ್ನೂ ಬರೆಸಿ, ಸೀಲು ಹಾಕಿಸಿಕೊಳ್ಳಿ. ಗಾಡಿ ಬಂದ ಮೇಲೆ ರಿಜಿಸ್ಟ್ರೇಷನ್ನಿಗೆ ಕಳಿಸುವ ಮೊದಲು ಒಮ್ಮೆ ಹೋಗಿ, ತಯಾರಾದ ತಿಂಗಳು, ಟೈರ್ ಸೈಜ್ ಆ ಕಾಗದದ ಜೊತೆ ತಾಳೆ ನೋಡಿ. ನಂಬರ್ ಬಿದ್ದ ಮೇಲೆ ಬದಲಾಯಿಸಿ ಕೊಡಿ ಎಂದರೆ ಯಾರೂ ಕೇಳುವುದಿಲ್ಲ.