ಸಿದ್ಧ ಟೆಂಪ್ಲೇಟ್‌ನಿಂದ ಗ್ರಂಥಾಲಯದ ವೆಬ್ ಆ್ಯಪ್: ನನ್ನ ಅನುಭವ

ನಮ್ಮ ಬಡಾವಣೆಯ ಸಣ್ಣ ಗ್ರಂಥಾಲಯಕ್ಕೆ ಪುಸ್ತಕ ಎರವಲಿನ ಲೆಕ್ಕ ಇಡುವ ವೆಬ್ ಆ್ಯಪ್ ಬರೆದುಕೊಡಲು ಒಪ್ಪಿಕೊಂಡಾಗ, ಪೈಥಾನ್ ಭಾಷೆಯಲ್ಲಿ ವೆಬ್ ಆ್ಯಪ್ ಕಟ್ಟಲು ನೆರವಾಗುವ ಜಾಂಗೋದ ‘ಸ್ಟಾರ್ಟ್‌ಪ್ರಾಜೆಕ್ಟ್’ ಆದೇಶ ಕೊಡುವ ಬರಿಯ ಚೌಕಟ್ಟನ್ನು ಬಿಟ್ಟು ‘ಕುಕೀಕಟರ್ ಜಾಂಗೋ’ ಎಂಬ ಸಿದ್ಧ ಟೆಂಪ್ಲೇಟನ್ನು ಆರಿಸಿಕೊಂಡೆ. ಅದು ಮೊದಲಿಗೇ ಒಂದರ ಹಿಂದೊಂದು ಪ್ರಶ್ನೆ ಕೇಳುತ್ತದೆ: ಪ್ರಾಜೆಕ್ಟಿನ ಹೆಸರೇನು, ಡಾಕರ್ (ಆ್ಯಪನ್ನು ಅದಕ್ಕೆ ಬೇಕಾದ ತಂತ್ರಾಂಶಗಳೊಂದಿಗೆ ಕಟ್ಟಿಟ್ಟು ಓಡಿಸುವ ಸಾಧನ) ಬೇಕೇ, ಸೆಲರಿ (ಹಿನ್ನೆಲೆಯಲ್ಲಿ ಕೆಲಸ ನಡೆಸುವ ಸಾಧನ) ಬೇಕೇ, ಸಮಯವಲಯ ಯಾವುದು. ಹಿಂದೆಲ್ಲ ಇಂಥ ಪ್ರಶ್ನೆಗಳಿಗೆ ಎಂಟರ್ ಒತ್ತುತ್ತಲೇ ಹೋಗುತ್ತಿದ್ದ ನಾನು ಈ ಸಲ ಪ್ರತಿಯೊಂದಕ್ಕೂ ಯೋಚಿಸಿ ಉತ್ತರಿಸಿದೆ. ಹಿನ್ನೆಲೆಯಲ್ಲಿ ನಡೆಸಬೇಕಾದ ಭಾರಿ ಕೆಲಸವೇನೂ ಇಲ್ಲದ್ದರಿಂದ ಸೆಲರಿ ಬೇಡವೆಂದೆ. ಸಮಯವಲಯವನ್ನು ಜಾಗತಿಕ ಪ್ರಮಾಣ ಸಮಯವಾದ ಯುಟಿಸಿಯಿಂದ ಭಾರತದ ‘ಏಷ್ಯಾ/ಕೋಲ್ಕತಾ’ಕ್ಕೆ ಬದಲಿಸಿದೆ.

ಕೋಡ್ ಸೃಷ್ಟಿಯಾದ ಮೇಲೆ ಡೇಟಾಬೇಸಿನಲ್ಲಿ ಟೇಬಲ್‌ಗಳನ್ನು ಮಾಡುವ ಮೈಗ್ರೇಟ್ ಆದೇಶ ಕೊಡುವ ಮುನ್ನ ಎರಡು ದಿನ ಅದನ್ನು ಓದುವುದಕ್ಕೇ ಮೀಸಲಿಟ್ಟೆ. ಬಳಕೆದಾರರ ಮಾಡೆಲ್, ಎಂದರೆ ಅವರ ಟೇಬಲ್‌ನಲ್ಲಿ ಏನೇನು ಇರಬೇಕೆಂದು ಹೇಳುವ ಕೋಡ್, ಇದಕ್ಕೆ ಮುಖ್ಯ ಕಾರಣ. ಬೇರೆ ಟೇಬಲ್‌ಗಳು ಅದಕ್ಕೆ ಕೊಂಡಿ ಹಾಕಿಕೊಂಡಿರುವುದರಿಂದ, ಒಮ್ಮೆ ಡೇಟಾಬೇಸ್ ಸಿದ್ಧವಾದ ಮೇಲೆ ಅದರ ಜಾಗದಲ್ಲಿ ಬೇರೊಂದು ಮಾಡೆಲನ್ನು ತಂದು ಕೂರಿಸುವುದು ಬಹಳ ಕಷ್ಟ. ಹೊಸ ಪ್ರಾಜೆಕ್ಟಿಗೆ ಮೊದಲೇ ಸ್ವಂತ ಮಾಡೆಲ್ ಮಾಡಿಕೊಳ್ಳಿ ಎಂದು ಜಾಂಗೋದ ದಸ್ತಾವೇಜೂ ಹೇಳುತ್ತದೆ. ಈ ಟೆಂಪ್ಲೇಟ್ ಅದನ್ನು ಮಾಡಿಯೇ ಕೊಟ್ಟಿರುತ್ತದೆ. ಮೂಲ ಜಾಂಗೋದಲ್ಲಿರುವ ಮೊದಲ ಹೆಸರು, ಕೊನೆಯ ಹೆಸರು ಎಂಬ ಎರಡು ಅಂಕಣಗಳನ್ನು ಇಲ್ಲಿ ತೆಗೆದುಹಾಕಿ ‘ಹೆಸರು’ ಎಂಬ ಒಂದನ್ನೇ ಉಳಿಸಿದ್ದಾರೆ. ಊರಿನ ಮತ್ತು ತಂದೆಯ ಹೆಸರಿನ ಇನಿಷಿಯಲ್ ಹಚ್ಚಿಕೊಂಡು ಬದುಕುವ ನಮ್ಮಂಥವರಿಗೆ ಇದು ಎಷ್ಟು ಸಲೀಸೆಂಬುದನ್ನು ‘ಲಾಸ್ಟ್ ನೇಮ್ ಕಡ್ಡಾಯ’ ಎನ್ನುವ ಅರ್ಜಿಗಳೊಂದಿಗೆ ಗುದ್ದಾಡಿದವರೇ ಬಲ್ಲರು. ನಾನು ಫೋನ್ ಸಂಖ್ಯೆಯ ಅಂಕಣವೊಂದನ್ನು ಸೇರಿಸಿದೆನಷ್ಟೆ.

ನಮಗೆ ಹೊಂದದ ನಿರ್ಧಾರಗಳೂ ಇದ್ದವು. ಯಾರು ಬೇಕಾದರೂ ಖಾತೆ ತೆರೆಯಬಹುದು, ಆದರೆ ಇಮೇಲ್ ದೃಢೀಕರಣ ಕಡ್ಡಾಯ ಎಂಬುದು ಟೆಂಪ್ಲೇಟಿನ ನಿಯಮ. ಇಲ್ಲಿ ಲಾಗಿನ್ ಆಗಬೇಕಾದವರು ಗ್ರಂಥಪಾಲಕರು ಮತ್ತು ಅವರ ಇಬ್ಬರು ಸಹಾಯಕರು ಮಾತ್ರ. ಓದುಗರದು ಬೇರೆಯೇ ಟೇಬಲ್. ಆದ್ದರಿಂದ ನೋಂದಣಿಯನ್ನು ಮುಚ್ಚಿದೆ. ಭಾಷೆಯನ್ನು ಕನ್ನಡಕ್ಕೆ ಹೊಂದಿಸಿದಾಗ ಮಾಹಿತಿಯನ್ನು ನಿರ್ವಹಿಸುವ ಅಡ್ಮಿನ್ ಪುಟದ ಕೆಲವು ಪದಗಳು ಕನ್ನಡವಾದವು, ಉಳಿದವು ಇಂಗ್ಲಿಷಿನಲ್ಲೇ ನಿಂತವು, ಏಕೆಂದರೆ ಜಾಂಗೋದ ಕನ್ನಡ ಅನುವಾದ ಇನ್ನೂ ಪೂರ್ಣವಾಗಿಲ್ಲ.

ಲಾಗಿನ್, ಲಿಂಕು ಮುಂತಾದವು ನಕಲಿಯಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಜಾಂಗೋ ಬಳಸುವ ರಹಸ್ಯ ಕೀಲಿಯ ವಿಷಯದಲ್ಲಿ ನಾನು ಪೆಟ್ಟು ತಿಂದವನು. ಕೆಲವು ವರ್ಷಗಳ ಹಿಂದೆ ಬೇರೊಂದು ಟೆಂಪ್ಲೇಟ್ ಬಳಸಿದ್ದಾಗ, ಅದರ ಸೆಟಿಂಗ್ಸ್ ಕಡತದಲ್ಲೇ ಬರೆದಿಟ್ಟಿದ್ದ, ಎಂದರೆ ಜಗತ್ತಿಗೆಲ್ಲ ಗೊತ್ತಿದ್ದ ಕೀಲಿಯೊಂದಿಗೇ ಆ್ಯಪನ್ನು ಸರ್ವರ್‌ಗೆ ಏರಿಸಿದ್ದೆ. ತಿಂಗಳಾದ ಮೇಲೆ ಗಮನಿಸಿ ಕೀಲಿ ಬದಲಿಸಿದಾಗ ಎಲ್ಲ ಬಳಕೆದಾರರೂ ಒಮ್ಮೆಲೇ ಲಾಗ್‌ಔಟ್ ಆದರು, ಮೇಲ್‌ನಲ್ಲಿ ಹೋಗಿದ್ದ ಪಾಸ್‌ವರ್ಡ್ ಬದಲಾವಣೆಯ ಲಿಂಕುಗಳೂ ಕೆಟ್ಟವು. ಅಂದಿನಿಂದ ಸರ್ವರ್‌ಗೆ ಏರಿಸುವ ಮುನ್ನ ಪ್ರೊಡಕ್ಷನ್ (ನಿಜ ಬಳಕೆಯ) ಸೆಟಿಂಗ್ಸ್‌ನೊಂದಿಗೆ, ಸುರಕ್ಷತೆಯ ಲೋಪಗಳನ್ನು ಎಚ್ಚರಿಸುವ ಜಾಂಗೋದ ‘ಚೆಕ್ ಡಿಪ್ಲಾಯ್’ ಪರೀಕ್ಷೆ ನಡೆಸುತ್ತೇನೆ, ಕೀಲಿಯ ಮೂಲವನ್ನೂ ಖುದ್ದಾಗಿ ನೋಡುತ್ತೇನೆ.

ಹೀಗೆ ಹುಟ್ಟಿದ ಪ್ರಾಜೆಕ್ಟಿಗೂ ಟೆಂಪ್ಲೇಟಿಗೂ ಆಮೇಲೆ ಯಾವ ನಂಟೂ ಉಳಿಯುವುದಿಲ್ಲ. ಅಲ್ಲಿನ ಮುಂದಿನ ಸುಧಾರಣೆಗಳು ತಾವಾಗಿ ಇಲ್ಲಿಗೆ ಬರುವುದಿಲ್ಲ. ಅದಕ್ಕಾಗಿ ಟೆಂಪ್ಲೇಟ್ ಕೊಟ್ಟ ಕೋಡನ್ನು ಒಂದಕ್ಷರವೂ ಮುಟ್ಟದೆ ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಮೊದಲ ಕಮಿಟ್ (ದಾಖಲು) ಮಾಡಿ, ಅದರ ಆವೃತ್ತಿಯನ್ನು ಕಮಿಟ್ ಸಂದೇಶದಲ್ಲೇ ಬರೆದಿಟ್ಟೆ. ಯಾವ ಸಾಲು ಅವರದು, ಯಾವುದು ನನ್ನದು ಎಂಬ ಪ್ರಶ್ನೆ ಬಂದಾಗಲೆಲ್ಲ ಈಗ ಆ ಕಮಿಟ್‌ನೊಂದಿಗೆ ಹೋಲಿಸಿ ನೋಡುತ್ತೇನೆ.