ಜೋಡಿ ಕ್ಯಾಮೆರಾದ ದೂರದ ಲೆಕ್ಕ ಮಧ್ಯಾಹ್ನ ತಪ್ಪುತ್ತಿದ್ದುದನ್ನು ಸರಿಪಡಿಸಿದ ಬಗೆ

ಚಿಲಿಯ ಅಟಕಾಮಾ ಮರುಭೂಮಿಯಲ್ಲಿ ರೋವರ್‌ನ ಜೋಡಿ ಕ್ಯಾಮೆರಾಗಳನ್ನು (ಒಂದೇ ವಸ್ತು ಎರಡು ಚಿತ್ರಗಳಲ್ಲಿ ಕಾಣುವ ಸ್ಥಾನಗಳ ವ್ಯತ್ಯಾಸದಿಂದ ಅದರ ದೂರವನ್ನು ಲೆಕ್ಕಹಾಕುವ ವ್ಯವಸ್ಥೆ) ಪರೀಕ್ಷಿಸುತ್ತಿದ್ದಾಗ, ಮುಂಜಾನೆ ಸರಿಯಾಗಿರುತ್ತಿದ್ದ ಬಂಡೆಗಳ ದೂರದ ಅಳತೆ ಬಿಸಿಲೇರಿದಂತೆ ತಪ್ಪತೊಡಗುತ್ತಿತ್ತು. ಮಸೂರದ ಧೂಳನ್ನು ಒರೆಸಿದರೂ ಫಲ ಸಿಗಲಿಲ್ಲ.

ಕಾರಣವಿದ್ದದ್ದು ಕ್ಯಾಮೆರಾಗಳನ್ನು ಹೊತ್ತ ಅಲ್ಯೂಮಿನಿಯಂ ಪಟ್ಟಿಯಲ್ಲಿ. ಅದು ಒಟ್ಟಾರೆ ಹಿಗ್ಗುವುದು ದೊಡ್ಡ ತೊಂದರೆಯಲ್ಲ. 50 ಸೆಂಟಿಮೀಟರ್ ಉದ್ದದ ಪಟ್ಟಿಯ ತಾಪಮಾನ 30 ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಬೆಳೆಯುವುದು ಸುಮಾರು 0.35 ಮಿಲಿಮೀಟರ್ ಮಾತ್ರ. ಆದರೆ ಬಿಸಿಲು ಬಿದ್ದ ಬದಿಯೇ ಹೆಚ್ಚು ಹಿಗ್ಗಿ ಪಟ್ಟಿ ಬಾಗಿದಾಗ, ಎರಡು ಕ್ಯಾಮೆರಾಗಳ ನಡುವಿನ ಕೋನ ಬದಲಾಗುತ್ತದೆ. ಆ ಕೋನ ಕೇವಲ 0.1 ಡಿಗ್ರಿ ಸರಿದರೂ 10 ಮೀಟರ್ ಆಚೆಯ ಬಂಡೆಯ ಲೆಕ್ಕದಲ್ಲಿ ಸುಮಾರು 35 ಸೆಂಟಿಮೀಟರ್ ವ್ಯತ್ಯಾಸ ಬರುತ್ತದೆ. ದೂರ ಇಮ್ಮಡಿಯಾದರೆ ದೋಷ ಹೆಚ್ಚುಕಡಿಮೆ ನಾಲ್ಮಡಿಯಾಗುತ್ತದೆ.

ಪಟ್ಟಿಗೆ ಪ್ರತಿಫಲಕ ಹೊದಿಕೆ ಹಾಕಿದೆವು. ಅಷ್ಟೇ ಸಾಕೆಂಬ ಅಭಿಪ್ರಾಯ ತಂಡದಲ್ಲಿತ್ತಾದರೂ, ಅಳೆಯದೆ ನಂಬುವುದು ನನಗೆ ಒಪ್ಪಿಗೆಯಾಗಲಿಲ್ಲ. ಆದ್ದರಿಂದ ಪ್ರತಿ ಚಿತ್ರಸರಣಿಗೂ ಮೊದಲು ಹಲವು ಕಿಲೋಮೀಟರ್ ಆಚೆಯ ಬೆಟ್ಟದ ಅಂಚನ್ನು ಸೆರೆಹಿಡಿದೆವು. ಅಷ್ಟು ದೂರದ ವಸ್ತು ಎರಡೂ ಚಿತ್ರಗಳಲ್ಲಿ ಬಹುತೇಕ ಒಂದೇ ಸ್ಥಾನದಲ್ಲಿ ಕಾಣಬೇಕಾದ್ದರಿಂದ, ಅಲ್ಲಿ ಕಂಡ ಪಲ್ಲಟವನ್ನೇ ಕೋನದ ತಿದ್ದುಪಡಿಯಾಗಿ ಬಳಸಿದೆವು. ನೆಲದ ಕಾವಿಗೆ ದಿಗಂತ ನಡುಗುವ ಹೊತ್ತಿನಲ್ಲಿ ಒಂದೇ ಚಿತ್ರವನ್ನು ನಂಬದೆ ಹಲವು ಚಿತ್ರಗಳ ಸರಾಸರಿ ತೆಗೆಯಬೇಕಾಯಿತು. ಆ ಬಳಿಕ ಮಧ್ಯಾಹ್ನದ ಅಳತೆಗಳು ಲೇಸರ್ ದೂರಮಾಪಕದ ಅಳತೆಗಳಿಗೆ ಹೊಂದಿಕೊಂಡವು.