ಖಾಲಿ ಕುರ್ಚಿಗೂ ದೋಣಿ ಬಾಡಿಗೆ: ಅಸಂಗತ ನಾಟಕವೊಂದನ್ನು ಚಿತ್ರಕಥೆ ಮಾಡಿದ ಬಗೆ

ಫ್ರೆಂಚ್ ನಾಟಕಕಾರ ಯುಜೀನ್ ಅಯೊನೆಸ್ಕೊನ 'ಕುರ್ಚಿಗಳು' ಎಂಬ ಅಸಂಗತ (ಕಾರಣ, ತರ್ಕಕ್ಕೆ ಸಿಗದ) ನಾಟಕ 1952ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಸಲ ರಂಗಕ್ಕೆ ಬಂತು. ಒಂದೇ ಅಂಕ. ಸುತ್ತ ನೀರಿರುವ ಮನೆಯಲ್ಲಿ ಒಬ್ಬ ಮುದುಕ, ಒಬ್ಬ ಮುದುಕಿ. ಜಗತ್ತಿಗೆ ಹೇಳಬೇಕಾದ ಮಾತೊಂದು ಮುದುಕನ ಹತ್ತಿರ ಇದೆ, ಅದಕ್ಕೆ ಎಲ್ಲರನ್ನೂ ಕರೆದಿದ್ದಾರೆ. ಆ ಮಾತನ್ನು ಹೇಳಲು ಗೊತ್ತು ಮಾಡಿದ ಭಾಷಣಕಾರನೊಬ್ಬನನ್ನು ಬಿಟ್ಟರೆ ಬಂದವರಲ್ಲಿ ಒಬ್ಬರೂ ನಮಗೆ ಕಾಣುವುದಿಲ್ಲ. ಕುರ್ಚಿಗಳು ಮಾತ್ರ ತುಂಬುತ್ತಾ ಹೋಗುತ್ತವೆ. ಇದನ್ನು ಮನೆಮಂದಿಯೆಲ್ಲ ಟಿಕೆಟ್ ತೆಗೆದು ನೋಡುವ ಕನ್ನಡ ಸಿನಿಮಾ ಎಂದು ಕಲ್ಪಿಸಿ ನಾನು ಚಿತ್ರಕಥೆ ಬರೆದ ಕ್ರಮ ಇದು. ಸದ್ಯ ಇದು ಕಾಗದದ ಮೇಲಿನ ಅಭ್ಯಾಸ. ಅಯೊನೆಸ್ಕೊ ತೀರಿಕೊಂಡದ್ದು 1994ರಲ್ಲಿ. ನಮ್ಮ ಕಾನೂನಿನಂತೆ ಲೇಖಕ ತೀರಿದ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ, ಅಂದರೆ 2054ರ ಕೊನೆಯವರೆಗೆ. ಕ್ಯಾಮೆರಾ ಹಿಡಿಯುವ ಮೊದಲು ಅನುಮತಿ ಬೇಕೇ ಬೇಕು. ಕನ್ನಡ ಅನುವಾದವನ್ನು ಬಳಸುವುದಾದರೆ ಅನುವಾದಕರದ್ದೂ ಬೇರೆಯಾಗಿ ಬೇಕು.

ಜಾಗ ಹುಡುಕುವ ಕಷ್ಟ ಇರಲಿಲ್ಲ. ಉಡುಪಿ ಜಿಲ್ಲೆಯಲ್ಲಿ ಸೀತಾ, ಸ್ವರ್ಣಾ ನದಿಗಳು ಕೋಡಿಬೆಂಗ್ರೆಯ ಹತ್ತಿರ ಕಡಲು ಸೇರುವ ಆ ಪ್ರದೇಶದಲ್ಲಿ ಕುದ್ರುಗಳಿವೆ, ಅಂದರೆ ನದಿ ನಡುವಿನ ನಡುಗಡ್ಡೆಗಳು. ಕುದ್ರುವಿನ ಮನೆಯೊಂದರಲ್ಲಿ ಸಭಾ ಕಾರ್ಯಕ್ರಮ ಎಂದರೆ ಸಾಕು, ನಾಟಕದ ಅರ್ಧ ಭಾಗಕ್ಕೆ ವಿವರಣೆಯೇ ಬೇಡ. ಉದ್ಘಾಟಕರು, ಅಧ್ಯಕ್ಷರು, ತಡವಾಗಿ ಬರುವ ಮುಖ್ಯ ಅತಿಥಿ, ಪ್ರಧಾನ ಭಾಷಣ: ಇದು ಇಲ್ಲಿಯವರಿಗೆ ಬಾಯಿಪಾಠ. ಮೂಲದಲ್ಲಿ ಬರುವ ಚಕ್ರವರ್ತಿ ನನ್ನಲ್ಲಿ ಮುಖ್ಯ ಅತಿಥಿಯಾದ. ಹೆಬ್ಬಾಗಿಲು ತೆರೆದಾಗ ಒಳಗೆ ಬೆಳಕೊಂದೇ ನುಗ್ಗುತ್ತದೆ, ಅದನ್ನು ಹಾಗೆಯೇ ಇಟ್ಟೆ. ಅಲ್ಲಿ ದೊಡ್ಡ ನಟರೊಬ್ಬರನ್ನು ಒಂದು ನಿಮಿಷ ತೋರಿಸುವ ಆಸೆ ಯಾರಿಗಾದರೂ ಬಂದೀತು. ತೋರಿಸಿದರೆ ಉಳಿದ ಕುರ್ಚಿಗಳೆಲ್ಲ ಬರೀ ಖಾಲಿ ಕುರ್ಚಿಗಳಾಗುತ್ತವೆ.

ಮೊದಲ ಕರಡು ಕೆಟ್ಟದ್ದು ಮಗನಿಂದ. ನಾಟಕದಲ್ಲಿ ಮುದುಕಿ ತಮಗೊಬ್ಬ ಮಗನಿದ್ದ, ಬಿಟ್ಟು ಹೋದ ಎನ್ನುತ್ತಾಳೆ. ಮುದುಕ ತಮಗೆ ಮಕ್ಕಳೇ ಆಗಲಿಲ್ಲ ಎನ್ನುತ್ತಾನೆ. ಜನಪ್ರಿಯ ಸಿನಿಮಾ ಎಂದ ಕೂಡಲೇ ಗಲ್ಫಿಗೆ ಹೋದ ಮಗ, ಒಂದು ಫ್ಲ್ಯಾಶ್‌ಬ್ಯಾಕು, ಒಂದು ಹಾಡು ತಾವಾಗಿಯೇ ಬಂದು ಕುಳಿತವು. 11 ಪುಟ. ಆಮೇಲೆ ಇಡೀ ಕಥೆ 'ಮಗನ ಕೊರಗಿನಲ್ಲಿ ಬುದ್ಧಿ ಕೆಟ್ಟ ಮುದುಕರು' ಎಂದಾಯಿತು. ಅಸಂಗತಕ್ಕೆ ಕಾರಣ ಕೊಟ್ಟ ಕ್ಷಣ ಅದು ಕಾಯಿಲೆಯಾಗಿಬಿಡುತ್ತದೆ. 11 ಪುಟಗಳನ್ನೂ ತೆಗೆದು ಗೋಡೆಯ ಮೇಲೆ ಒಂದು ಮೊಳೆ ಇಟ್ಟೆ. ಮೊಳೆಯ ಕೆಳಗೆ ಫೋಟೋ ಇದ್ದಷ್ಟು ಅಗಲಕ್ಕೆ ಸುಣ್ಣ ಬೆಳ್ಳಗೆ ಉಳಿದಿದೆ, ಸುತ್ತಲಿನದು ಹೊಗೆ ಹಿಡಿದಿದೆ. ಇಬ್ಬರ ಮಾತೂ ಅದರ ಎದುರೇ ನಡೆಯುತ್ತದೆ, ಯಾರದ್ದು ನಿಜ ಎಂದು ಸಿನಿಮಾ ಹೇಳುವುದಿಲ್ಲ.

ಇದೇ ಕಾರಣಕ್ಕೆ ದೋಣಿಯವನನ್ನು ಸೇರಿಸಬೇಕಾಯಿತು. ಕಣ್ಣಿಗೆ ಕಾಣುವ ಹೊರಗಿನ ಮನುಷ್ಯ ಒಬ್ಬನಾದರೂ "ಇಲ್ಲಿ ಯಾರೂ ಇಲ್ಲವಲ್ಲ" ಎಂದರೆ ಚಿತ್ರ ಅಲ್ಲಿಗೇ ಮುಗಿಯಿತು. ನನ್ನ ದೋಣಿಯವನು ಖಾಲಿ ದೋಣಿಯನ್ನು ದಡಕ್ಕೆ ತಂದು, ಕೈಚಾಚಿ ಒಬ್ಬೊಬ್ಬರನ್ನೇ ಇಳಿಸಿ, ಲೆಕ್ಕ ಹೇಳುತ್ತಾನೆ: "ಅಜ್ಜಾ, ಒಟ್ಟು ಎಂಟು ಜನ. ಸಣ್ಣ ಮಗು ಬೇರೆ ಒಂದು ಉಂಟು, ಅದರದ್ದು ಬೇಡ." ಅಜ್ಜ ಎಂಟು ಜನರ ದುಡ್ಡು ಎಣಿಸಿ ಕೊಡುತ್ತಾರೆ. ಇದಾದ ಮೇಲೆ ಪ್ರೇಕ್ಷಕರು ಅತಿಥಿಗಳ ಬಗ್ಗೆ ಅನುಮಾನ ಪಡುವುದಿಲ್ಲ. ಇಲ್ಲೊಂದು ಸೂಕ್ಷ್ಮ ಇದೆ: ಖಾಲಿ ದೋಣಿ ನೀರಿನ ಮೇಲೆ ಎತ್ತರದಲ್ಲಿ ತೇಲುತ್ತದೆ, ಕರಾವಳಿಯವರ ಕಣ್ಣಿಗೆ ಅದು ಕೂಡಲೇ ಬೀಳುತ್ತದೆ. ತಲೆಗೆ 55 ಕಿಲೋದಂತೆ ಎಂಟು ಜನಕ್ಕೆ 440 ಕಿಲೋ. ಹಲಗೆಯ ಕೆಳಗೆ 50 ಕಿಲೋದ ಒಂಬತ್ತು ಹೊಯಿಗೆ ಚೀಲ ಇಟ್ಟರೆ ದೋಣಿ ಬೇಕಾದಷ್ಟು ಇಳಿಯುತ್ತದೆ. ಪ್ರತಿಯೊಬ್ಬರು ಇಳಿದಾಗಲೂ ಅಂಚು ಸ್ವಲ್ಪ ವಾಲಬೇಕು. ಚೌಕಟ್ಟಿನ ಹೊರಗೆ ನೀರಲ್ಲಿ ನಿಂತವನೊಬ್ಬ ಅದನ್ನು ಒತ್ತಿ ಬಿಡಬೇಕು.

ನೀರಿನ ದೃಶ್ಯಗಳ ಕಂಟಿನ್ಯೂಟಿ, ಅಂದರೆ ಒಂದು ಶಾಟಿಗೂ ಮುಂದಿನದಕ್ಕೂ ಹೊಂದಿಕೆ, ಇನ್ನೊಂದು ತಲೆನೋವು. ಕಡಲಿನ ಇಳಿತ, ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತವೆ. ಇವತ್ತು ಬೆಳಿಗ್ಗೆ 8ಕ್ಕೆ ಇದ್ದ ಮಟ್ಟ ಮೂರು ದಿನ ಬಿಟ್ಟರೆ ಹತ್ತೂವರೆಗೆ ಸಿಗುತ್ತದೆ, ಆಗ ಬಿಸಿಲೇ ಬೇರೆ. ಅದಕ್ಕೆ ದೋಣಿಯ ದೃಶ್ಯಗಳನ್ನೆಲ್ಲ ಶೆಡ್ಯೂಲಿನ ಮೊದಲ ಎರಡು ದಿನಕ್ಕೇ ಹಾಕಿದೆ. ಮನೆಯ ಒಳಗಿನದನ್ನು ಎಲ್ಲಿ ಬೇಕಾದರೂ ತೆಗೆಯಬಹುದು.

ಕುರ್ಚಿ ಶಾಮಿಯಾನದವರ ಪ್ಲಾಸ್ಟಿಕ್ಕಿನದೇ. ಬಿಳಿ ಬೇಡ, ಬಿಸಿಲಿಗೆ ಹೊಳೆದು ಉಳಿದದ್ದನ್ನು ನುಂಗುತ್ತದೆ, ಕೆಂಪು ಸರಿ. ಒಟ್ಟು 64. ಮೊದಲ ನಾಲ್ಕು ಕುರ್ಚಿಗೆ 14 ನಿಮಿಷ ಕೊಟ್ಟಿದ್ದೇನೆ, ಉಳಿದ 60ಕ್ಕೆ ಒಂಬತ್ತೇ ನಿಮಿಷ. ಅಜ್ಜಿ ಮೊದಲು ಒಂದೊಂದನ್ನೇ ಸೆರಗಿನಿಂದ ಒರೆಸಿ ತರುತ್ತಾರೆ, ಆಮೇಲೆ ಎರಡೆರಡು, ಕೊನೆಗೆ ನಾಲ್ಕರ ಅಟ್ಟಿ. ಒಂದು ಕುರ್ಚಿ ಎರಡು ಕಿಲೋಕ್ಕಿಂತ ಹೆಚ್ಚೇ ತೂಗುತ್ತದೆ, ನಾಲ್ಕಕ್ಕಿಂತ ಹೆಚ್ಚು ಹಿರಿಯ ನಟಿಯಿಂದ ಹೊರಿಸಬಾರದು. ಕುರ್ಚಿಯ ಅಡಿಯಲ್ಲಿ ಸೀಮೆಸುಣ್ಣದಿಂದ ನಂಬರು ಬರೆದಿಡಿ. ಇಲ್ಲವಾದರೆ ಮಧ್ಯಾಹ್ನ ಊಟ ಮುಗಿಸಿ ಬರುವಾಗ ಯಾರು ಎಲ್ಲಿ ಕೂತಿದ್ದರು ಎಂಬುದೇ ಗೊತ್ತಾಗುವುದಿಲ್ಲ. 64ನೇ ಕುರ್ಚಿ ಇಟ್ಟು, ಇನ್ನು ಕುರ್ಚಿ ಇಲ್ಲ ಎಂದಾಗ ಮಧ್ಯಂತರ. ನಂತರ ಅಜ್ಜಿ ಚರುಮುರಿ, ಕಡ್ಲೆ ಎಂದು ಮಾರುತ್ತಾ ಸಾಲುಗಳ ನಡುವೆ ಬರುತ್ತಾರೆ. ಮೂಲದಲ್ಲೂ ಆಕೆ ತಿಂಡಿ ಮಾರುತ್ತಾಳೆ.

ನಟರ ನೋಟ ತಪ್ಪುವುದು ಇಲ್ಲಿಯ ದೊಡ್ಡ ಅಪಾಯ. ರಂಗದ ಮೇಲೆ ಅಂದಾಜಿಗೆ ನೋಡಿದರೂ ನಡೆಯುತ್ತದೆ. ಕ್ಲೋಸಪ್ಪಿನಲ್ಲಿ ಅಜ್ಜ ನಾಲ್ಕಡಿ ಎತ್ತರಕ್ಕೂ ಅಜ್ಜಿ ಐದಡಿಗೂ ನೋಡಿದರೆ ಅತಿಥಿ ಇಬ್ಬರಾಗಿ ಒಡೆಯುತ್ತಾನೆ. ಲೈಟ್ ಸ್ಟ್ಯಾಂಡಿಗೆ ಟೇಪಿನ ಉಂಡೆ ಅಂಟಿಸಿ, ಕುಳಿತವರಿಗೆ ನೆಲದಿಂದ 115 ಸೆಂಟಿಮೀಟರ್, ನಿಂತ ಹೆಂಗಸಿಗೆ 145 ಎಂದು ಗೊತ್ತು ಮಾಡಿಕೊಂಡು ತಾಲೀಮು ಮಾಡಬೇಕು. ಟೇಕಿನಲ್ಲಿ ಸ್ಟ್ಯಾಂಡ್ ಚೌಕಟ್ಟಿನ ಆಚೆ ಇರಲಿ.

ಕುರ್ಚಿಯ ಜಾಗದಿಂದ ಎಂದೂ ಶಾಟ್ ತೆಗೆಯಬಾರದು. ಖಾಲಿ ಕುರ್ಚಿಯ ಕಡೆಗೆ ಕ್ಯಾಮೆರಾ ನಿಧಾನ ಸರಿದರೂ ನೋಡುವವರು ದೆವ್ವದ ಸಿನಿಮಾ ಎಂದೇ ತಿಳಿಯುತ್ತಾರೆ. ನಮ್ಮ ಕಡೆ ದೈವದ ವಿಚಾರ ಎಂದರೂ ಎಂದಾರು. ಹಗಲು ಬೆಳಕು, 35 ಎಂಎಂ ಲೆನ್ಸು, ಅಲುಗಾಡದ ಕ್ಯಾಮೆರಾ. ಕುರ್ಚಿ ತಾನಾಗಿ ಚಲಿಸುವ ಹಾಗಿಲ್ಲ.

ಕಾಣದವರನ್ನು ಈ ಪ್ರೇಕ್ಷಕರು ಒಪ್ಪುತ್ತಾರೆ ಎಂಬ ಧೈರ್ಯ ನನಗೆ ಬಂದದ್ದು ಯಕ್ಷಗಾನದ ತಾಳಮದ್ದಳೆಯಿಂದ. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಉಟ್ಟು ಕೂತ ಅರ್ಥಧಾರಿ ಬರೀ ಮಾತಿನಲ್ಲಿ ಕೌರವನ ಇಡೀ ಸಭೆಯನ್ನು ಎದುರು ಕೂರಿಸುತ್ತಾರೆ. ಕಿವಿಗೆ ಸರಿಯಾಗಿ ಕೊಟ್ಟರೆ ಕಣ್ಣು ಹಿಂದೆ ಬರುತ್ತದೆ.

ಹಾಗಾಗಿ ಹೆಚ್ಚಿನ ಕೆಲಸ ಶಬ್ದದ್ದು. ಜನ ತುಂಬಿದ ಕೋಣೆಯಲ್ಲಿ ಮೈ, ಬಟ್ಟೆ ಸದ್ದನ್ನು ಹೀರುತ್ತವೆ, ಪ್ರತಿಧ್ವನಿ ಕಡಿಮೆಯಾಗುತ್ತದೆ. ಮೊದಲ ದೃಶ್ಯದಲ್ಲಿ ಅಜ್ಜಿಯ ಮಾತು ಗೋಡೆಗೆ ಬಡಿದು ಮರಳಬೇಕು. ಅತಿಥಿಗಳು ಬಂದ ಹಾಗೆ ಮಿಕ್ಸಿಂಗಿನಲ್ಲಿ ಆ ಪ್ರತಿಧ್ವನಿಯನ್ನು ಹಂತಹಂತವಾಗಿ ತಗ್ಗಿಸಬೇಕು. ಯಾರಿಗೂ ಗಮನಕ್ಕೆ ಬರದು, ಆದರೆ ಕೋಣೆ ತುಂಬಿದ ಹಾಗೆ ಅನಿಸುತ್ತದೆ. ದೋಣಿಯ ಹುಟ್ಟು, ಬಾಗಿಲ ಗಂಟೆ, ಕುರ್ಚಿಯ ಕಾಲು ಸಿಮೆಂಟಿಗೆ ಉಜ್ಜುವ ಸದ್ದು ಬೇಕಾದಷ್ಟು ಇರಲಿ. ಜನರ ಗುಜುಗುಜು ಮಾತ್ರ ಒಂದು ಸೆಕೆಂಡೂ ಬೇಡ.

ಏಕೆಂದರೆ ಅದು ಕೊನೆಗೆ ಬೇಕು. ಮುದುಕರಿಬ್ಬರೂ ಬೇರೆ ಬೇರೆ ಕಿಟಕಿಯಿಂದ ನೀರಿಗೆ ಹಾರುತ್ತಾರೆ. ಅದನ್ನು ತೋರಿಸದೆ, ಎರಡು ಕಿಟಕಿಗಳನ್ನೂ ಹೊರಗಿನ ಸದ್ದನ್ನೂ ಮಾತ್ರ ಇಟ್ಟಿದ್ದೇನೆ. ಆಮೇಲೆ ಭಾಷಣಕಾರ ಮೈಕಿನ ಮುಂದೆ ನಿಲ್ಲುತ್ತಾನೆ. ಅವನಿಗೆ ಮಾತೂ ಬರುವುದಿಲ್ಲ, ಕಿವಿಯೂ ಕೇಳುವುದಿಲ್ಲ. ಅವನು ಹೊರಟುಹೋದ ಮೇಲೆ, 64 ಕುರ್ಚಿಗಳ ಮೇಲೆ ಮೊದಲ ಸಲ ಜನರ ಸದ್ದು: ನಗು, ಕೆಮ್ಮು, ಪಿಸುಮಾತು. ಮೂಲದಲ್ಲೂ ಹೀಗೆಯೇ. ಈ ಸದ್ದನ್ನು ಸ್ಟುಡಿಯೋದಲ್ಲಿ ಹುಟ್ಟಿಸಿದರೆ ಸುಳ್ಳೆನಿಸುತ್ತದೆ. ಉಡುಪಿ ಎಂಜಿಎಂ ಕಾಲೇಜಿನ ಮುದ್ದಣ ಮಂಟಪದಂಥ ಕಡೆ, ನಾಟಕ ಶುರು ಎಂದು ಸಾರುವ ಮೂರನೇ ಬೆಲ್ ಹೊಡೆಯುವ ಮೊದಲು, ವ್ಯವಸ್ಥಾಪಕರ ಒಪ್ಪಿಗೆ ಪಡೆದು ಹಿಂದಿನ ಸಾಲಿನಲ್ಲಿ ರೆಕಾರ್ಡರ್ ಇಟ್ಟರೆ ಐದು ನಿಮಿಷದಲ್ಲಿ ಬೇಕಾದ್ದು ಸಿಗುತ್ತದೆ. ಪರದೆಯ ಮೇಲೆ ಅದು 40 ಸೆಕೆಂಡು. ಹಿನ್ನೆಲೆ ಸಂಗೀತ ಇಲ್ಲ, ಹೆಸರುಗಳ ಪಟ್ಟಿ ಪೂರ್ತಿ ನಿಶ್ಶಬ್ದದಲ್ಲಿ ಹೋಗಬೇಕು.